ಗೆಂಡೆ ಮೀನಿನ ರಾಜಮರ್ಯಾದೆ

ಕೊಕ್ಕರೆಗುಡ್ಡದ ಪಾಳೆಯಗಾರ ಹಾಲಪ್ಪ ನಾಯಕರು ಹುಲಿ ಹೊಡೆದಿದ್ದರು, ಹಂದಿ ಹೊಡೆದಿದ್ದರು. ಊರ ಕೆರೆಯಲ್ಲಿದ್ದ ಒಂದು ಮುದಿ ಗೆಂಡೆ ಮೀನು ಮಾತ್ರ ಅವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

"ಗಾಳ ಹಾಕುವುದರಲ್ಲಿ ನನ್ನನ್ನು ಮೀರಿಸುವವನು ಈ ಸೀಮೆಯಲ್ಲೇ ಇಲ್ಲ," ಎಂದು ನಾಯಕರು ಓಲಗದಲ್ಲಿ ಹೇಳಿದರು. ಓಲಗ ಹೌದೆಂದಿತು. ಅವರು ಇದುವರೆಗೆ ಒಂದು ಮೀನನ್ನೂ ಹಿಡಿದಿರಲಿಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ.

ಸಲಕರಣೆಗೇನೂ ಕೊರತೆ ಇರಲಿಲ್ಲ. ಗಟ್ಟಿ ಬಿದಿರಿನ ಕೋಲು, ಅದಕ್ಕೆ ದಂತದ ಹಿಡಿ. ದಾರ ರೇಷ್ಮೆಯದು. ನೀರ ಮೇಲೆ ತೇಲುವ ಬೆಂಡು ನವಿಲುಗರಿಯ ದಂಟಿನದು. ಇವೆಲ್ಲದರ ಜೊತೆಗೆ ದಡದಲ್ಲಿ ಪರಿವಾರ. ನಾಯಕರು ಗಾಳ ಬೀಸಿದರೆ ಕಹಳೆ. ಗಾಳ ನೀರಿಗೆ ಬಿದ್ದರೆ ನಗಾರಿ. ಗಾಳಿಗೆ ಬೆಂಡು ಅಲುಗಿದರೂ ಸಾಕು, ಹೊಗಳುಭಟರು ಶುರು: "ಬಹುಪರಾಕ್! ಮೀನುರಾಯರ ಗಂಡ, ಬಹುಪರಾಕ್!"

ಈ ಗದ್ದಲ ಸ್ವಲ್ಪ ಕಡಿಮೆಯಾದರೆ ಒಳ್ಳೆಯದೇನೋ ಎಂದ ದಳವಾಯಿಯನ್ನು ನಾಯಕರು ಗಡಿಯ ಠಾಣೆಗೆ ಕಳಿಸಿದ್ದರು. "ಕಹಳೆ ಇಲ್ಲದೆ ನೀರಿನ ಪಕ್ಕ ಕೂರಲು ನಾನೇನು ಕೊಕ್ಕರೆಯೇ?" ಎಂದಿದ್ದರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಆದರೆ ಮೀನು ಬೀಳದ್ದಕ್ಕೆ ಯಾರದಾದರೂ ತಪ್ಪಿರಬೇಕಲ್ಲ. ನಾಯಕರು ಅದನ್ನು ಬೆಸ್ತರ ತಲೆಗೆ ಕಟ್ಟಿದರು.

"ಇವರು ಮೀನಿಗೆ ದಿಗ್ಬಂಧನ ಹಾಕಿದ್ದಾರೆ. ಬಲೆಗಳನ್ನೆಲ್ಲ ಕಿತ್ತುಕೊಳ್ಳಿ. ನಾಳೆ ಸೂರ್ಯ ಮುಳುಗುವುದರೊಳಗೆ ಆ ಗೆಂಡೆ ನನ್ನ ಗಾಳಕ್ಕೇ ಬೀಳಬೇಕು, ಯಾರೂ ನೀರಿಗಿಳಿಯಕೂಡದು. ಬೀಳದಿದ್ದರೆ ಬೆಸ್ತರ ಕೇರಿ ಊರು ಬಿಡಬೇಕು!"

ಇದನ್ನು ಕೇಳುತ್ತ ಪಕ್ಕದಲ್ಲಿ ನಿಂತಿದ್ದವನು ಹಡಪದ ಮೈಲಾರಯ್ಯ. ನಾಯಕರಿಗೆ ವೀಳ್ಯ ಮಡಿಸಿಕೊಡುವುದು ಅವನ ಊಳಿಗ. ಉಳಿದವರಿಗೆ ನಾಯಕರ ಮುಖ ಗೊತ್ತಿದ್ದರೆ ಇವನಿಗೆ ಬಾಯಿ ಗೊತ್ತು. ಆ ಬಾಯಿಗೆ ಎರಡು ಕಟ್ಟಳೆಗಳಿದ್ದವು. ನಾಯಕರು ಮೊದಲ ತುತ್ತು ತಿನ್ನುವ ಮುಂಚೆ ಯಾರೂ ಎಲೆ ಮುಟ್ಟಬಾರದು. ಅವರ ಬಾಯಲ್ಲಿ ತುತ್ತಿರುವಾಗ ಯಾರೂ ಸದ್ದು ಮಾಡಬಾರದು. ಹಿಂದೆ ಯಾರೋ ಊಟದ ನಡುವೆ ಕಹಳೆ ಊದಿ, ನಾಯಕರ ತಾತ ಬೆಚ್ಚಿಬಿದ್ದು, ರೊಟ್ಟಿ ಗಂಟಲಿಗೆ ಸಿಕ್ಕಿ ಜೀವ ಹೋಗುವುದರಲ್ಲಿತ್ತಂತೆ; ಎರಡನೆಯ ಕಟ್ಟಳೆ ಅಂದು ಆ ತಾತನೇ ಮಾಡಿದ್ದು.

ಸಂಜೆ ಮೈಲಾರಯ್ಯ ಬೆಸ್ತರ ಕೇರಿಗೆ ಹೋದ. ಒಲೆಗಳು ತಣ್ಣಗಿದ್ದವು. ಗಾಳಕ್ಕೆ ಉಂಡೆ ಕಟ್ಟುವ ಗಂಗವ್ವ ಬಾಗಿಲಲ್ಲೇ ಕೂತಿದ್ದಳು.

"ಗೆಂಡೆಗೆ ಏನಿಡ್ತೀಯ ಗಂಗವ್ವ?"

"ರಾಗಿ ಹಿಟ್ಟು, ಎಳ್ಳಿಂಡಿ, ಬೆಲ್ಲದ ಪಾಕ. ಚೆನ್ನಾಗಿ ನಾದಿ ಉಂಡೆ ಕಟ್ಟೋದು. ಆದ್ರೆ ಉಂಡೆ ಏನ್ ಮಾಡೀತು ಬುದ್ಧಿ? ಆ ಕಹಳೆ ಸದ್ದಿಗೆ ನಮ್ಮ ಎಮ್ಮೇನೇ ಕೆರೆ ಕಡೆ ತಲೆ ಹಾಕಾಕಿಲ್ಲ."

"ಪಾಕ ಇನ್ನೂ ಗಟ್ಟಿಯಾಗಲಿ. ಬಾಯಿಗೆ ಹಾಕಿದರೆ ದವಡೆ ಬಿಡಬಾರದು."

"ಮೀನಿಗೆ ಅಷ್ಟೊಂದು ಅಂಟು ಯಾಕೆ?"

"ಮೀನಿಗೆ ಬೇಡ," ಎಂದು ಮೈಲಾರಯ್ಯ ಎದ್ದುಹೋದ.

ಮರುದಿನ ಬೆಳಗಿನಿಂದ ಕಹಳೆ, ನಗಾರಿ, ಬಹುಪರಾಕು ಎಲ್ಲ ಸಾಂಗವಾಗಿ ನಡೆದವು. ಮೀನು ಮಾತ್ರ ಬರಲಿಲ್ಲ. ಹೊತ್ತು ಇಳಿಯುತ್ತ ಬಂತು. ಏರಿಯ ಮೇಲೆ ಬೆಸ್ತರು ಗಂಟುಮೂಟೆ ಹೊತ್ತು, ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು.

ಮೈಲಾರಯ್ಯ ಕೈಮುಗಿದ. "ಒಡೆಯಾ, ಈ ಕೆರೆ ಯಾರದು?"

"ನನ್ನದು."

"ಅದರೊಳಗಿನ ಗೆಂಡೆ?"

"ಅದೂ ನನ್ನದೇ. ಅದಕ್ಕೇನೀಗ?"

"ಅಂದರೆ ಅದು ತಮ್ಮ ಪ್ರಜೆ. ತಾವು ಮೊದಲ ತುತ್ತು ತಿನ್ನದೆ ಈ ಸಂಸ್ಥಾನದಲ್ಲಿ ಯಾರಾದರೂ ಬಾಯಿಗೆ ಹಾಕುತ್ತಾರೆಯೇ?"

"ಹಾಕಿ ನೋಡಲಿ!"

"ಗೆಂಡೆ ಹಳೆಯ ಕಾಲದ್ದು, ಮರ್ಯಾದೆ ಬಲ್ಲದ್ದು. ಒಡೆಯರು ಉಂಡೆ ತಿನ್ನಲಿ ಎಂದು ಕಾಯುತ್ತಿದೆ."

ನಾಯಕರ ಮುಖ ಅರಳಿತು. "ನನಗೂ ಹಾಗೇ ಅನ್ನಿಸಿತ್ತು," ಎಂದರು. "ನಾನು ತಿಂದ ಮೇಲೂ ಅದು ಕಚ್ಚದಿದ್ದರೆ?"

"ಬೆಸ್ತರ ಜೊತೆ ನಾನೂ ಗಂಟು ಕಟ್ಟುತ್ತೇನೆ."

ಗಂಗವ್ವ ಕೊಟ್ಟ ಉಂಡೆಯಲ್ಲಿ ಚಿಟಿಕೆಯಷ್ಟು ಕೊಕ್ಕೆಗೆ ಹೋಯಿತು. ಉಳಿದದ್ದು ನಾಯಕರ ಬಾಯಿಗೆ ಹೋಯಿತು. ಅವರು ಒಮ್ಮೆ ಅಗಿದರು. ಎರಡನೆಯ ಸಲ ಅಗಿಯಲು ದವಡೆ ಮೇಲೇಳಲಿಲ್ಲ.

ನಾಯಕರು ಗಾಳ ಬೀಸಿದರು. ಕಹಳೆಯವರು ಒಡೆಯರ ಬಾಯಿ ನೋಡಿ ಕಹಳೆ ಇಳಿಸಿದರು. ನಗಾರಿಯವರು ಕೋಲು ಕೆಳಗಿಟ್ಟರು. ಹೊಗಳುಭಟರು ತುಟಿ ಬಿಗಿಹಿಡಿದು ನಿಂತರು.

"ಹೂಂ! ಹೂಂ!" ಎಂದು ನಾಯಕರು ಕಹಳೆಯತ್ತ ಕೈ ಮಾಡಿದರು. ಕಹಳೆಯವರು ಭಯಭಕ್ತಿಯಿಂದ ಬಗ್ಗಿ ನಮಸ್ಕರಿಸಿದರು. ಊದಲಿಲ್ಲ.

ಕೆರೆ ನಿಶ್ಶಬ್ದವಾಯಿತು. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಬೆಸ್ತರು ಮುಳುಗುವ ಸೂರ್ಯನನ್ನೂ ಬೆಂಡನ್ನೂ ನೋಡುತ್ತಿದ್ದರು. ಆಗ ಬೆಂಡಿನ ಬಳಿ ಸಣ್ಣ ಗುಳ್ಳೆಗಳೆದ್ದವು. ಬೆಂಡು ನಡುಗಿತು, ವಾಲಿತು, ಸರಕ್ಕನೆ ಒಳಗೆ ಹೋಯಿತು.

ನಾಯಕರು ಕೋಲು ಎಳೆದರು. ಬಿದಿರು ಬಿಲ್ಲಾಗಿ ಬಾಗಿತು. ಮೀನು ಎಳೆಯಿತು, ನಾಯಕರು ಎಳೆದರು, ರುಮಾಲು ಕೆಸರಿಗೆ ಬಿತ್ತು. ಕೊನೆಗೆ ತೊಟ್ಟಿಲಲ್ಲಿ ಮಲಗಿಸುವಷ್ಟು ದೊಡ್ಡ ಗೆಂಡೆ ದಡದ ಹುಲ್ಲಿನ ಮೇಲೆ ಬಂದು ಬಿತ್ತು. ಆಗಲೂ ಯಾರೂ ತುಟಿ ಬಿಚ್ಚಲಿಲ್ಲ.

ಮೈಲಾರಯ್ಯ ಬಿಸಿನೀರು ಕೊಟ್ಟ. ಮುಕ್ಕಳಿಸಿ ಮುಕ್ಕಳಿಸಿ ನಾಯಕರ ದವಡೆ ಬಿಟ್ಟಿತು.

"ನೋಡಿದಿರಾ ರಾಜಭಕ್ತಿ! ಮೈಲಾರಯ್ಯ, ಮೀನಿಗೆ ಈ ಮರ್ಯಾದೆ ಕಲಿಸಿದವರು ಯಾರೋ?"

"ಮೀನಿಗೆ ಯಾರೂ ಕಲಿಸಿಲ್ಲ ಒಡೆಯಾ. ಕಹಳೆಯವರಿಗೆ ತಮ್ಮ ತಾತನವರು ಕಲಿಸಿದ್ದರು."

ನಾಯಕರು ಮೀನನ್ನು ನೋಡಿದರು. ಕಹಳೆಗಳನ್ನು ನೋಡಿದರು. ಏರಿಯ ಮೇಲಿನ ಗಂಟುಮೂಟೆಗಳನ್ನು ನೋಡಿದರು. ಮುಖ ಕೆಂಪಾಯಿತು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕುಬಿಟ್ಟರು.

"ಬೆಸ್ತರ ಬಲೆಗಳನ್ನು ಈಗಲೇ ಕೊಟ್ಟುಬಿಡಿ. ದಳವಾಯಿಯನ್ನು ಗಡಿಯಿಂದ ಕರೆಸಿ," ಎಂದರು. ಗೆದ್ದ ಸಂಭ್ರಮಕ್ಕೆ ಕಹಳೆಯವರು ಕಹಳೆ ಎತ್ತಿದರು. ನಾಯಕರು ಅವರತ್ತ ಒಮ್ಮೆ ನೋಡಿ, ಹೊಸ ಉಂಡೆ ಏರಿಸಿದ ಗಾಳವನ್ನು ಕೈಗೆತ್ತಿಕೊಂಡರು.

"ಗಂಗವ್ವ, ಉಂಡೆ ಇನ್ನೂ ಇವೆಯೇ? ಇವರಿಗೂ ಬಾಯಿಗೊಂದೊಂದು ಹಾಕು."