ಅಟ್ಟದಿಂದ ಇಳಿದ ರೌಟರ್

"ಅಜ್ಜಾರ, ಯಜಮಾನಕಿ ಹೋದ ಮ್ಯಾಲೆ ಮನಷ್ಯಾನ ಕಡೆ ಏನ ಉಳೀತೈತ್ರಿ?"

ಹೀಗೆ ಗುರುಗಳನ್ನು ಕೇಳಿದವನು ಶಂಭುಲಿಂಗ. ಬೆಟ್ಟದ ಬುಡದ ಮಠದಲ್ಲಿ ಅವನು ಹನ್ನೊಂದು ವರ್ಷ ಯಾತ್ರಿಕರಿಗೆ ಕೋಣೆ ಹಂಚಿದವನು. ಯುಗಾದಿಯ ಮರುದಿನ ಗುರುಗಳು ಆ ಕೆಲಸವನ್ನು ಮಠದ ಇನ್ನೊಬ್ಬ ಸೇವಕ ರೇವಯ್ಯನಿಗೆ ವಹಿಸಿದರು. ಶಂಭುಲಿಂಗನಿಗೆ ಬಸ್ಸು ನಿಲ್ಲುವಲ್ಲಿ ಹೊಸದಾಗಿ ಹಾಕಿದ ತಗಡಿನ ಚಪ್ಪರದಲ್ಲಿ ಕೂಡಲು ಹೇಳಿದರು. ಅಲ್ಲಿಂದ ಮಠಕ್ಕೆ ಒಂದು ಮೈಲಿ. ನಡುವೆ ದಾರಿ ಕವಲೊಡೆಯುತ್ತದೆ, ಹೊಸಬರು ಎಷ್ಟೋ ಸಲ ಕಲ್ಲುಗಣಿಯ ಕಡೆ ಹೋಗಿಬಿಡುತ್ತಾರೆ. ಇಳಿದವರಿಗೆ ನೀರು ಕೊಟ್ಟು ಸರಿಯಾದ ದಾರಿ ಹಿಡಿಸುವುದು ಅಲ್ಲಿಯ ಕೆಲಸ.

ತಿಂಗಳಾದರೂ ಶಂಭುಲಿಂಗ ಅತ್ತ ಕಾಲಿಟ್ಟಿರಲಿಲ್ಲ. ಕೋಣೆಗಳ ಇನ್ನೊಂದು ಜೊತೆ ಕೀಲಿಕೈ ಅವನ ಸೊಂಟದಲ್ಲೇ ಇತ್ತು. ಹಳೆಯ ಪರಿಚಯದವರು ಬಂದರೆ ರೇವಯ್ಯನನ್ನು ಕೇಳದೆ ಬಾಗಿಲು ತೆಗೆದುಕೊಡುತ್ತಿದ್ದ. ಹಾಗೆ ಕೊಟ್ಟಾಗ ಅವನ ಎದೆ ಒಂದು ಗೇಣು ಉಬ್ಬುತ್ತಿತ್ತು. ನಿನ್ನೆ ಮಾತ್ರ ಎಡವಟ್ಟಾಯಿತು. ಅವನು ಕೊಟ್ಟ ಕೋಣೆಯನ್ನೇ ರೇವಯ್ಯ ಬೇರೆಯವರಿಗೂ ಕೊಟ್ಟಿದ್ದ. ಒಂದು ಬಾಗಿಲಿಗೆ ಎರಡು ಮನೆಯವರು ನಿಂತು ಜಗಳವಾಡಿದರು. ಎಳೆಗೂಸಿನ ತಾಯಿಯೊಬ್ಬಳು ಗಂಟುಮೂಟೆ ಎತ್ತಿಕೊಂಡು, ದರ್ಶನವನ್ನೂ ಮಾಡದೆ, ಉರಿಬಿಸಿಲಲ್ಲಿ ಹಿಂದಿರುಗಿದಳು. ರಾತ್ರಿಯೆಲ್ಲ ಅದು ಶಂಭುಲಿಂಗನ ಮನಸ್ಸನ್ನು ಕೊರೆದಿತ್ತು. ಆದರೆ ಗುರುಗಳ ಮುಂದೆ ಅದನ್ನು ಬಾಯಿಬಿಡಲಿಲ್ಲ.

ಗುರುಗಳು ಪ್ರಶ್ನೆಗೆ ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಮನೆ ರೈಲಿನ ಡಬ್ಬಿಯಂತೆ ಉದ್ದ. ಮುಂದೆ ಸೀರೆ ತೋರಿಸುವ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಮಗ್ಗ. ಮಗ್ಗದಲ್ಲಿ ಅವನ ತಂಗಿ ಕೂರುತ್ತಿದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಕಿವುಡರ ಶಾಲೆಯಲ್ಲಿ ಜೊತೆಗೆ ಓದಿದ ಗೆಳತಿಯೊಬ್ಬಳು ದೂರದ ಊರಿನಲ್ಲಿದ್ದಳು. ಇವಳ ಕೈಮಾತು ಪೂರ್ತಿ ತಿಳಿಯುವುದು ಅವಳೊಬ್ಬಳಿಗೇ. ಮಧ್ಯಾಹ್ನದ ಊಟವಾದ ಮೇಲೆ ಇಬ್ಬರೂ ಫೋನಿನಲ್ಲಿ ಮುಖ ನೋಡಿಕೊಂಡು ಕೈಯಲ್ಲಿ ಮಾತಾಡುತ್ತಿದ್ದರು.

ಆದರೆ ಪಡಸಾಲೆಯ ವೈಫೈ ಮಗ್ಗದ ತನಕ ನೆಟ್ಟಗೆ ಬರುತ್ತಿರಲಿಲ್ಲ. ಮಾತಿನ ನಡುವೆ ಗೆಳತಿಯ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಪಡಸಾಲೆಗೆ ಬಂದು ಕೂತರೆ ಗಿರಾಕಿಗಳು ಸೀರೆ ಬಿಟ್ಟು ಇವಳನ್ನೇ ನೋಡುತ್ತಿದ್ದರು. ಕೊನೆಗೆ ಅವಳು ಫೋನನ್ನು ಡಬ್ಬಿಯೊಳಗೆ ಹಾಕಿ ಸುಮ್ಮನಾದಳು. ಅದನ್ನು ಅಣ್ಣ ನೋಡಿದ.

ಅಟ್ಟದ ಮೇಲೆ ಹಳೆಯ ರೌಟರ್ ಇತ್ತು. ಹೊಸದು ಬರುವ ತನಕ ಆರು ವರ್ಷ ಇಡೀ ಮನೆಗೆ ಅದೇ ದೊಡ್ಡದು. ದುಡಿದ ವಸ್ತುವನ್ನು ಎಸೆಯುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಪ್ರತಿವರ್ಷ ಆಯುಧಪೂಜೆಗೆ ನೇಕಾರ ಮಗ್ಗದ ಲಾಳಿಯ ಜೊತೆ ಅದಕ್ಕೂ ವಿಭೂತಿ ಹಚ್ಚುತ್ತಿದ್ದ. ನೇಕಾರ ಅದನ್ನು ಕೆಳಗಿಳಿಸಿ ಒರೆಸಿದ. ಹೊಸದರಿಂದ ಮಗ್ಗದ ತನಕ ತಂತಿ ಎಳೆದು ಅದಕ್ಕೆ ಜೋಡಿಸಿದ. ಒಳಗಿನ ಸೆಟ್ಟಿಂಗ್ ಮಾತ್ರ ಮುಟ್ಟಲಿಲ್ಲ. ಇಷ್ಟು ವರ್ಷ ದುಡಿದದ್ದಕ್ಕೆ ನಾನೇನು ಹೊಸದಾಗಿ ಕಲಿಸುವುದು ಎಂದುಕೊಂಡ.

ದೀಪ ಹತ್ತಿತು. ತಂಗಿ ಹಿಗ್ಗಿ ಚಪ್ಪಾಳೆ ತಟ್ಟಿದಳು. ಆದರೆ ಗಂಟೆಯೊಳಗೆ ಮಗ್ಗದ ಫೋನಷ್ಟೇ ಅಲ್ಲ, ಪಡಸಾಲೆಯ ಫೋನುಗಳೂ ಕೆಲಸ ನಿಲ್ಲಿಸಿದವು. ನೇಕಾರ ಎರಡೂ ರೌಟರ್ ಆರಿಸಿ ಹಚ್ಚಿದ. ಅದೂ ಸಾಲದೆಂದು ಊದುಬತ್ತಿ ಹಚ್ಚಿದ. ಏನೂ ಆಗಲಿಲ್ಲ.

ಮರುದಿನ ರಿಪೇರಿ ಮಾಡುವ ಹೆಣ್ಣುಮಗಳು ಬಂದಳು. ವಿಭೂತಿ ಬಳಿದ ರೌಟರ್ ನೋಡಿ ನಕ್ಕಳು. ಆಮೇಲೆ ತಿಳಿಸಿ ಹೇಳಿದಳು. ರೌಟರ್ ತನ್ನ ಬಳಿ ಬಂದ ಪ್ರತಿ ಫೋನಿಗೂ ಒಂದು ನಂಬರು ಕೊಡುತ್ತದೆ. ಈಗ ಹೊಸದೂ ಕೊಡುತ್ತಿತ್ತು, ಹಳೆಯದೂ ಕೊಡುತ್ತಿತ್ತು. ಒಂದೇ ನಂಬರು ಎರಡು ಫೋನಿಗೆ ಸಿಕ್ಕರೆ ಎರಡರ ಸಂಪರ್ಕವೂ ಕೆಡುತ್ತದೆ. ಜೊತೆಗೆ, ಹಳೆಯದರಿಂದ ನಂಬರು ಪಡೆದ ಫೋನು ಇಂಟರ್ನೆಟ್ಟಿಗೆ ಹೋಗುವ ಹೊರಗಿನ ದಾರಿಯನ್ನೂ ಅದರ ಬಳಿಯೇ ಕೇಳುತ್ತದೆ. ಹೊರಗಿನ ದಾರಿ ಹೊಸದರ ಕೈಗೆ ಹೋಗಿ ಎಷ್ಟೋ ದಿನವಾಗಿದ್ದರೂ, ಮನೆಗೆ ಒಂದನೇ ನಂಬರು ತಾನೇ ಎಂದು ಹಳೆಯದು ಹಟ ಹಿಡಿದಿತ್ತು.

ಅವಳು ಹಳೆಯದನ್ನು ಪಡಸಾಲೆಗೆ ತಂದು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ನಂಬರು ಕೊಡುವ ಕೆಲಸವನ್ನು ಅದರಿಂದ ತೆಗೆದಳು. ಅದಕ್ಕಿದ್ದ ಒಂದನೇ ನಂಬರನ್ನು ಅಳಿಸಿ ಎರಡನೆಯದನ್ನು ಕೊಟ್ಟಳು. ಹೊಸದರ ವೈಫೈ ಹೆಸರನ್ನೇ ಇದಕ್ಕೂ ಇಟ್ಟಳು. ಒಯ್ದು ಮಗ್ಗದ ಮೇಲಿನ ಗೂಟಕ್ಕೆ ತೂಗುಹಾಕಿ, ತಂತಿ ಜೋಡಿಸಿ ಬಂದಳು.

ನೇಕಾರನಿಗೆ ಸಂಕಟವಾಯಿತು.

"ಯವ್ವಾ, ಆರ ವರ್ಷ ಇಡೀ ಮನಿ ನಡಸೇತಿ ಇದು. ನಂಬರ್ ಕೊಡೂದನ್ನೂ ಕಸಗೊಂಡ್ರ ಇದರ ಮರ್ಯಾದಿ ಏನ ಉಳೀತು?"

"ಮರ್ಯಾದಿ ವಿಚಾರ ನನಗ ಗೊತ್ತಿಲ್ಲ ಯಣ್ಣಾ. ಹಿಂದ ಹೋಗಿ ನಿಮ್ಮ ತಂಗೀನ್ನ ನೋಡ್ರಿ."

ನೇಕಾರ ಹೋಗಿ ನೋಡಿದ. ತಂಗಿ ಲಾಳಿ ಬಿಟ್ಟು ಫೋನಿನ ಮುಂದೆ ಕೂತಿದ್ದಳು. ಎರಡೂ ಕೈ ಆಡಿಸಿ ಏನೋ ಹೇಳುತ್ತಿದ್ದಳು. ಎಷ್ಟು ದಿನದ ಮಾತು ಬಾಕಿ ಇತ್ತೋ ಏನೋ. ಅತ್ತ ಗೆಳತಿ ಬಿದ್ದು ಬಿದ್ದು ನಕ್ಕಳು, ತಾನೂ ಕೈಯಾಡಿಸಿ ಉತ್ತರ ಕೊಟ್ಟಳು. ಆ ಕೈ ಎಲ್ಲಿಯೂ ನಿಲ್ಲಲಿಲ್ಲ. ತಲೆಯ ಮೇಲೆ ಹಳೆಯ ರೌಟರ್ ತನ್ನ ಪಾಡಿಗೆ ಮಿನುಗುತ್ತಿತ್ತು, ತಂಗಿ ಅದರತ್ತ ಒಮ್ಮೆಯೂ ನೋಡಲಿಲ್ಲ. ನೇಕಾರ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು.

ಶಂಭುಲಿಂಗನಿಗೆ ಕತೆ ತಿಳಿಯದೆ ಇರಲಿಲ್ಲ. ತಿಳಿದದ್ದಕ್ಕೇ ಅವನಿಗೆ ಸಿಟ್ಟು ಬಂತು. ಅವನ ಕೈ ತಾನಾಗಿ ಸೊಂಟದ ಕೀಲಿಕೈ ಮೇಲೆ ಹೋಗಿ ಕೂತಿತು.

"ಆ ರೌಟರಿನಿಂದ ಕಸಗೊಳ್ಳಾಕ ಆ ಹೆಣ್ಣಮಗಳರೆ ಇದ್ಲರಿ," ಎಂದ. "ಮನಷ್ಯಾನ ಕಡಿಂದ ಯಾರ ಕಸಗೋಬೇಕ್ರಿ? ನೀವ ಕಸಗೊಂಡಬಿಡ್ರಿ."

ಗುರುಗಳು ಕೈ ಚಾಚಲಿಲ್ಲ.

"ಕೀಲಿ ನಾ ಕಸಗೊಳ್ಳೂದಿಲ್ಲಪಾ, ನಿನ್ನೆ ಹೊಳ್ಳಿ ಹೋದ ಆ ಕೂಸಿನ ತಾಯಿ ಮತ್ತ ಬಂದ್ರ, ಬಸ್ಸ ನಿಲ್ಲೂ ಚಪ್ಪರದಾಗ ಯಾರ ಇರ್ತಾರಂತ ಅಷ್ಟ ಹೇಳು."

ಶಂಭುಲಿಂಗ ತಾನೇ ಸೊಂಟದ ಕೀಲಿಕೈ ಬಿಚ್ಚತೊಡಗಿದ.