ಗೌಜಲಹಕ್ಕಿ ಬೆಳಗಾದರೆ ಯಾಕೆ ಕೂಗುತ್ತದೆ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಆಗ ಗೌಜಲಹಕ್ಕಿ ಕೂಗುತ್ತಲೇ ಇರಲಿಲ್ಲ, ಪುಟ್ಟಿ. ಕೂಗಿದರೆ ಬೇಟೆಗಾರನಿಗೆ ಜಾಡು ಸಿಕ್ಕೀತೆಂದು ಬಾಯಿ ಮುಚ್ಚಿಕೊಂಡೇ ಮುಳ್ಳುಪೊದೆಗಳ ನಡುವೆ ಓಡಾಡುತ್ತಿತ್ತು. ಪುಕ್ಕಲು ಹಕ್ಕಿ. ಅದರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಆ ಬಯಲಿನಲ್ಲಿ ದ್ಯಾಮಣ್ಣನೆಂಬ ಬೇಟೆಗಾರನಿದ್ದ. ಬೇಸಿಗೆಯಲ್ಲಿ ನೀರು ಉಳಿದ ಒಂದೇ ಹೊಂಡದ ದಂಡೆಗೆ ಕುದುರೆಕೂದಲಿನ ಉರುಲು ಕಟ್ಟುತ್ತಿದ್ದ. ದಿನವೂ ಬುಟ್ಟಿ ತುಂಬುತ್ತಿತ್ತು.

ಹಿಡಿದ ಮೊದಲ ಹಕ್ಕಿಯನ್ನು ಹಿರಿಯಳ ಕೈಗೆ ಕೊಡುವುದು ಅವರ ಹಟ್ಟಿಯ ಪದ್ಧತಿ. ಹಿರಿಯಳು ಗಾಳೆವ್ವ. ಅವತ್ತು ಅವಳು ಹಕ್ಕಿಯ ಹೊಟ್ಟೆಯ ಪುಕ್ಕ ಸರಿಸಿ ನೋಡಿದಳು. ಚರ್ಮ ಬೋಳಾಗಿ ಸುಡುತ್ತಿತ್ತು.

“ದ್ಯಾಮಣ್ಣ, ಇದು ಕಾವು ಕುಂತ ಹಕ್ಕಿ.”

“ಇರಲಿ ಬಿಡವ್ವ. ಹಕ್ಕಿ ಬೇಕಾದಷ್ಟು ಅದಾವ. ನನ್ನ ಉರುಲು ದಿನಾ ತುಂಬತೈತಿ.”

“ನೀರು ಇರೋದು ಅಲ್ಲೊಂದ ಕಡೆ. ಅಡವ್ಯಾಗ ಉಳಿದಿದ್ದೆಲ್ಲಾ ಅಲ್ಲಿಗೇ ಬರತಾವ. ಉರುಲು ತುಂಬಿದ್ರ ಅಡವಿ ತುಂಬೇತಿ ಅಂತ ಹೆಂಗ ಅಂತಿ?”

ಅವಳು ಬುಟ್ಟಿಯ ಹಕ್ಕಿಗಳನ್ನೆಲ್ಲ ತಿರುವಿ ನೋಡಿದಳು. ಎಲ್ಲವೂ ಹೆಣ್ಣುಹಕ್ಕಿಗಳೇ, ಹೊಟ್ಟೆಯೆಲ್ಲ ಹಾಗೇ ಬೋಳು. ಗಾಳಿಯನ್ನು ಕರೆದು ಕೇಳಿದಳು, “ಬಯಲಾಗ ಎಷ್ಟು ಉಳದಾವಪ್ಪಾ?”

“ಬಯಲೆಲ್ಲಾ ಸುತ್ತೀನಿ,” ಅಂದಿತು ಗಾಳಿ. “ಅವು ಬಾಯೇ ಬಿಡೂದಿಲ್ಲ. ನನಗೇನು ಗೊತ್ತು?”

“ಹೊಟ್ಟಿ ಬೋಳಿದ್ದಾಗ ಉರುಲು ಕಟ್ಟಬಾರದು,” ಅಂದಳು ಗಾಳೆವ್ವ.

“ಮತ್ತ ಯಾವಾಗ ಕಟ್ಲಿ? ನನ್ನ ಮಕ್ಕಳೂ ಉಣಬೇಕಲ್ಲ,” ಅಂದ ದ್ಯಾಮಣ್ಣ. ಅದೂ ಸುಳ್ಳಲ್ಲ.

ಆಗ ಅವಳ ಅಂಗೈಯಲ್ಲಿದ್ದ ಹಕ್ಕಿ ನಡುಗುತ್ತಲೇ ಮಾತಾಡಿತು. “ಬಿಡವ್ವ, ನನ್ನ ತತ್ತಿ ಆರಾಕ ಹತ್ಯಾವ. ಹೊತ್ತು ಮೂಡಿದಾಗ ನಮ್ಮ ಗಂಡುಹಕ್ಕಿಗಳು ಇದ್ದಲ್ಲಿಂದನ ಕೂಗತಾವ. ಬೇಲಿಬೇಲಿಗೂ ಕೂಗು ಕೇಳಿದ್ರ ಉರುಲು ಕಟ್ರಿ. ಕೂಗು ಕಡಿಮಿ ಆದ್ರ ಬಿಚ್ಚರಿ.”

“ಕೂಗಿದ್ರ ನೀವಿರೋ ಜಾಗ ಇವನಿಗೆ ತಿಳಿತೈತಲ್ಲ?”

“ತಿಳಿತೈತಿ. ಕೂಗದಿದ್ರ ನಾವು ಮುಗದದ್ದೂ ತಿಳಿಯೂದಿಲ್ಲ.”

ಗಾಳೆವ್ವ ಕೈ ಬಿಚ್ಚಿದಳು. ಬುಟ್ಟಿಯನ್ನೂ ಬೋರಲು ಹಾಕಿದಳು. ಹಕ್ಕಿಗಳು ತಿರುಗಿಯೂ ನೋಡದೆ ಓಡಿದವು.

ಮರುದಿನ ಹೊತ್ತು ಮೂಡುವಾಗ ಹಟ್ಟಿಯೆಲ್ಲ ಹೊರಗೆ ಬಂದು ನಿಂತಿತು. ಏನೂ ಕೇಳಲಿಲ್ಲ. ಗಾಳಿ ಕೂಡ ಬೀಸುವುದನ್ನು ನಿಲ್ಲಿಸಿತು. ಎಲ್ಲರಿಗಿಂತ ಹೆಚ್ಚು ಹೆದರಿದವನು ದ್ಯಾಮಣ್ಣನೇ.

ಆಮೇಲೆ ಒಂದು ಮುಳ್ಳುಪೊದೆಯಿಂದ “ಕತೀತರ್, ಕತೀತರ್” ಅಂತ ಒಂದೇ ಒಂದು ಕೂಗು ಬಂತು. ಅದಕ್ಕೆ ಯಾರೂ ಓಗೊಡಲಿಲ್ಲ. ಹಕ್ಕಿ ಮತ್ತೆ ಕೂಗಿತು, ಮತ್ತೆ ಕಾದಿತು. ತುಂಬ ಹೊತ್ತಾದ ಮೇಲೆ, ಬಯಲಿನ ಆಚೆ ತುದಿಯಿಂದ ಇನ್ನೊಂದು ಸಣ್ಣಗೆ ಕೇಳಿಸಿತು. ಅಷ್ಟೇ.

ಇಷ್ಟು ದೊಡ್ಡ ಬಯಲಿಗೆ ಅಷ್ಟೇ. ದ್ಯಾಮಣ್ಣ ಹೊಂಡಕ್ಕೆ ಹೋಗಿ ಉರುಲುಗಳನ್ನೆಲ್ಲ ಬಿಚ್ಚಿದ. ಆ ಬೇಸಿಗೆ ಅವನ ಮಕ್ಕಳು ಗೆಡ್ಡೆ ಅಗೆದು ತಿಂದರು.

ಅದಕ್ಕೇ ಪುಟ್ಟಿ, ಇವತ್ತಿಗೂ ಬೆಳಗಾದರೆ ಗೌಜಲಹಕ್ಕಿ ಹೆದರುತ್ತಲೇ ಬೇಲಿಯೊಳಗಿಂದ ಕೂಗುತ್ತದೆ. ಅದಕ್ಕೆ ಇನ್ನೊಂದು ಓಗೊಡುವ ತನಕ ನಿನ್ನ ಜಡೆ ಹೆಣೆಯುವ ನನ್ನ ಕೈ ನಿಂತುಬಿಡುವುದೂ ಅದಕ್ಕೇ.