ಮಿನಿ ಟ್ರ್ಯಾಕ್ಟರಿನ ಗರಗಸದ ಗೂಡು

“ಮೋಟಾರು ಗರಗಸ ಹೊರುವುದು ನಿನ್ನಿಂದಾಗದು, ತಂಗಿ,” ಎಂದಿದ್ದು ದೊಡ್ಡ ಟ್ರ್ಯಾಕ್ಟರ್. ಮಿನಿ ಟ್ರ್ಯಾಕ್ಟರ್ ಕೇಳಲಿಲ್ಲ. ಗರಗಸವನ್ನು ಸೀಟಿನ ಹಿಂದೆ ಹಗ್ಗದಲ್ಲಿ ಕಟ್ಟಿಸಿಕೊಂಡು ಹೊರಟಳು. ಮೊದಲ ಗುಂಡಿಯಲ್ಲೇ ಗರಗಸ ಕುಣಿಯಿತು, ಅದರ ಹಲ್ಲಿಗೆ ಸಿಕ್ಕಿ ಸೀಟು ಹರಿಯಿತು.

“ಇನ್ನೊಮ್ಮೆ ಹೀಗಾದರೆ ನನ್ನನ್ನು ದೊಡ್ಡಣ್ಣನ ಮೇಲೆ ಹೇರುತ್ತಾರೆ. ನೀನು ಶೆಡ್ಡಿನಲ್ಲೇ ಇರಬೇಕಾದೀತು,” ಎಂದಿತು ಗರಗಸ.

“ಹಾಗಾದರೆ ಅಲ್ಲಿ ಬಿದ್ದಿರುವ ಹಲಸಿನ ಮರದ ತುಂಡಿನಲ್ಲಿ ನಿನ್ನ ಅಲಗು ಹಿಡಿಸುವಷ್ಟು ಸೀಳು ಮಾಡು. ಹಲ್ಲು ಅದರೊಳಗೇ ಇರಲಿ.”

ಗರಗಸ ಸೀಳು ಮಾಡಿತು. ಹಲಸಿನ ತುಂಡು ಕೇಳಿತು, “ನನ್ನನ್ನು ಎಲ್ಲಿ ಕೂರಿಸುತ್ತೀಯಕ್ಕ? ಬೋಲ್ಟಿಗೆ ತೂತು ಬೇಕು.”

“ನನ್ನ ಮಡ್‌ಗಾರ್ಡಿನಲ್ಲೇ ಹಾಕಿಸುತ್ತೇನೆ.”

“ಹೊಸ ಬಣ್ಣ ಹಾಳಾಗುತ್ತದಲ್ಲ?”

“ಬಣ್ಣ ಕಾಯುತ್ತಾ ಕೂತರೆ ಕೆಲಸ ದೊಡ್ಡಣ್ಣನ ಪಾಲಾಗುತ್ತದೆ.”

ಮರುದಿನ ಮರ ಬಿದ್ದಲ್ಲಿಗೆ ಗರಗಸವನ್ನು ಅಲುಗದಂತೆ ಮುಟ್ಟಿಸಿದ್ದು ಅವಳೇ. ಈಗ ಅವಳಿಗೆ ಸ್ವಂತದ್ದೊಂದು ಗರಗಸದ ಗೂಡಿದೆ. ಅದಕ್ಕೆ ಕೊಟ್ಟ ಬೆಲೆ ಮೈಮೇಲಿನ ನಾಲ್ಕು ತೂತು.